ವಿದೇಶದಲ್ಲಿ ಇಂಗ್ಲಿಷ್ ಬೋಧನೆ: ಮಾನ್ಯ ಅರ್ಹತೆಯ ಆಯ್ಕೆ

ಪುಣೆಯು ವಿದ್ಯಾಭ್ಯಾಸಕ್ಕೆ ಹೆಸರಾದ ಊರು. 1880ರಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್, 1885ರಲ್ಲಿ ಫರ್ಗ್ಯುಸನ್ ಕಾಲೇಜು ಹಾಗೂ 1949ರಲ್ಲಿ ವಿಶ್ವವಿದ್ಯಾಲಯ ಇಲ್ಲಿ ಸ್ಥಾಪನೆಗೊಂಡವು. ಈ ನಗರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳೂ, ಧಾರವಾಡ, ವಿಜಯಪುರಗಳ ಕಡೆಯಿಂದ ಪದವಿ ಪಡೆದು ಬಂದವರೂ ಹೊರದೇಶದಲ್ಲಿ ಇಂಗ್ಲಿಷ್ ಕಲಿಸುವ ಉದ್ಯೋಗವನ್ನು ಅಪೇಕ್ಷಿಸುವುದುಂಟು. ಅಂಥವರ ಕಣ್ಣಿಗೆ ಮೊದಲು ಬೀಳುವುದು ‘ವಿಶ್ವಮಾನ್ಯ’ ಪ್ರಮಾಣಪತ್ರಗಳ ಜಾಹೀರಾತು. ಮನೆಯವರ ಉಳಿತಾಯದ ಹಣವನ್ನು ಕಟ್ಟುವ ಮುನ್ನ ಆ ವಿಶೇಷಣವನ್ನು ಪರಿಶೀಲಿಸುವುದು ಅವಶ್ಯ.

ಇಂಗ್ಲಿಷ್ ಬೋಧನೆಯ ಪ್ರಮಾಣಪತ್ರಗಳಿಗೆ ಇಡೀ ಜಗತ್ತಿಗೆ ಅನ್ವಯಿಸುವಂತೆ ಮಾನ್ಯತೆ ನೀಡುವ ಅಧಿಕೃತ ಸಂಸ್ಥೆಯೊಂದಿಲ್ಲ. ‘ಟೆಫಲ್’ ಎಂಬುದು ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಬೋಧಿಸುವ ಕಾರ್ಯದ ಹ್ರಸ್ವನಾಮವೇ ಹೊರತು ಒಂದು ಪದವಿಯ ಹೆಸರಲ್ಲ. ಆ ಹೆಸರಿನಲ್ಲಿ ಯಾರು ಬೇಕಾದರೂ ತರಗತಿ ನಡೆಸಬಹುದು. ಕೆಲವರು ಮಾನ್ಯತಾ ಮಂಡಳಿಯನ್ನೂ ತಾವೇ ಕಟ್ಟಿಕೊಂಡಿರುತ್ತಾರೆ! ವಸ್ತುತಃ ಅರ್ಹತೆಯನ್ನು ಒಪ್ಪುವವರು ವೀಸಾ ನೀಡುವ ಸರ್ಕಾರ, ಅಲ್ಲಿನ ಶಿಕ್ಷಣ ಇಲಾಖೆ ಮತ್ತು ಕೆಲಸ ಕೊಡುವ ಸಂಸ್ಥೆ. ಆದುದರಿಂದ ದೇಶವನ್ನು ಮೊದಲು ನಿಶ್ಚಯಿಸಿ, ಅರ್ಹತೆಯನ್ನು ಅನಂತರ ಆರಿಸತಕ್ಕದ್ದು.

ದಕ್ಷಿಣ ಕೊರಿಯಾ ಇದಕ್ಕೆ ತಕ್ಕ ನಿದರ್ಶನ. ಅಲ್ಲಿ ಇಂಗ್ಲಿಷ್ ಬೋಧಕರಿಗೆ ಕೊಡುವ ವೀಸಾ ಸಾಮಾನ್ಯವಾಗಿ ಅಮೆರಿಕ, ಬ್ರಿಟನ್, ದಕ್ಷಿಣ ಆಫ್ರಿಕ ಮೊದಲಾದ ಏಳು ದೇಶಗಳ ಪ್ರಜೆಗಳಿಗೆ ಸೀಮಿತ. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಒಪ್ಪಂದವು ಭಾರತೀಯರಿಗೂ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಲು ಅವಕಾಶ ಕಲ್ಪಿಸಿತು. ಆದರೆ ಪದವಿಯೊಡನೆ ಇಂಗ್ಲಿಷ್ ಶಿಕ್ಷಕರ ಅರ್ಹತಾಪತ್ರವೂ ಇರಬೇಕೆಂಬುದು ಷರತ್ತು. ಇಂಥ ಕಡೆ ನೆರವಾಗುವುದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ಮನ್ನಣೆ ಪಡೆದ ಕಾಲೇಜಿನ ಬಿ.ಎಡ್. ಪದವಿ, ವಾರಾಂತ್ಯದಲ್ಲಿ ಮುಗಿಯುವ ಟೆಫಲ್ ಪತ್ರವಲ್ಲ. ಕೊಲ್ಲಿ ರಾಷ್ಟ್ರಗಳ ಭಾರತೀಯ ಪಠ್ಯಕ್ರಮದ ಶಾಲೆಗಳೂ ಸಾಮಾನ್ಯವಾಗಿ ಬಿ.ಎಡ್. ಪದವಿಯನ್ನೇ ಕೇಳುತ್ತವೆ.

ವಯಸ್ಕರಿಗೆ ಕಲಿಸುವ ಭಾಷಾಶಾಲೆಗಳ ರೀತಿ ಬೇರೆ. ಅಲ್ಲಿ ಹೆಚ್ಚು ಬೆಲೆಯುಳ್ಳವು ಎರಡು: ಕೇಂಬ್ರಿಜ್‌ನ ಸೆಲ್ಟಾ ಮತ್ತು ಟ್ರಿನಿಟಿ ಕಾಲೇಜ್ ಲಂಡನ್‌ನ ಸರ್ಟ್‌ಟೆಸಾಲ್. ಇವೆರಡೂ ಇಂಗ್ಲೆಂಡಿನ ಅರ್ಹತಾ ನಿಯಂತ್ರಣ ಸಂಸ್ಥೆಯಾದ ಆಫ್‌ಕ್ವಾಲ್‌ನ ಸಾರ್ವಜನಿಕ ದಾಖಲೆಯಲ್ಲಿ ಐದನೆಯ ಹಂತದಲ್ಲಿವೆ. ಇವುಗಳ ತಿರುಳಿರುವುದು ಆರು ಗಂಟೆಗಳ ಬೋಧನಾಭ್ಯಾಸದಲ್ಲಿ. ಶಿಕ್ಷಣಾರ್ಥಿಯು ನಿಜವಾದ ಕಲಿಕೆದಾರರ ಮುಂದೆ ಪಾಠ ಮಾಡಬೇಕು. ತರಬೇತುದಾರರು ಹಿಂದೆ ಕುಳಿತು ಗಮನಿಸುತ್ತಾರೆ. ನಲವತ್ತು ನಿಮಿಷದ ಪಾಠದಲ್ಲಿ ಮೂವತ್ತು ನಿಮಿಷ ಶಿಕ್ಷಕನೇ ಮಾತನಾಡಿದರೆ ವಿದ್ಯಾರ್ಥಿಯ ಬಾಯಿ ತಿರುಗುವುದೆಂದು? ವ್ಯಾಕರಣದಲ್ಲಿ ನಿಷ್ಣಾತರಾದ ನಮ್ಮ ಎಂ.ಎ. ಪದವೀಧರರು ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ಈ ದೋಷವನ್ನು ಪುಸ್ತಕ ತಿದ್ದಲಾರದು, ಗಮನಿಸುವ ಕಣ್ಣು ತಿದ್ದಬಲ್ಲದು. ಆದಕಾರಣ ಯಾವ ಶಿಕ್ಷಣಕ್ರಮವನ್ನು ವಿಚಾರಿಸುವಾಗಲೂ ಪಾಠ ಮಾಡಿಸುವರೇ, ಎಷ್ಟು ಗಂಟೆ, ಯಾರೆದುರಿಗೆ, ನೋಡುವವರು ಯಾರು ಎಂದು ಕೇಳಬೇಕು. ಸೆಲ್ಟಾವನ್ನು ಪೂರ್ಣವಾಗಿ ಅಂತರಜಾಲದ ಮೂಲಕವೂ ಮಾಡಬಹುದು, ಆದರೆ ಅಲ್ಲಿಯೂ ಈ ಅಭ್ಯಾಸಕ್ಕೆ ವಿನಾಯಿತಿಯಿಲ್ಲ.

ಇವುಗಳ ಶುಲ್ಕ ನಮ್ಮ ಮಧ್ಯಮವರ್ಗಕ್ಕೆ ಭಾರವೇ ಸರಿ. ಸ್ವದೇಶದಲ್ಲಿ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಿದೆ. 1958ರಲ್ಲಿ ಇಂಗ್ಲಿಷ್ ಶಿಕ್ಷಕರ ತರಬೇತಿಗೆಂದೇ ಆರಂಭವಾದ ಸಂಸ್ಥೆ ಇದು. 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಇಲ್ಲಿನ ತರಬೇತಿ ದೃಢವಾದದ್ದು. ಆದರೂ ಹೊರದೇಶದ ಖಾಸಗಿ ಭಾಷಾಶಾಲೆಗಳಿಗೆ ಸೆಲ್ಟಾದ ಹೆಸರು ಹೆಚ್ಚು ಪರಿಚಿತವೆಂಬುದನ್ನು ಅಲ್ಲಗಳೆಯಲಾಗದು.

ಅರ್ಹತೆ ಕೈಸೇರಿದ ಮೇಲೆ ಅದರ ದೃಢೀಕರಣವಾಗಬೇಕು. ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಸಾಮಾನ್ಯವಾಗಿ ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಸಾಕು. ಉಳಿದ ದೇಶಗಳಿಗೆ ಅವುಗಳ ದೂತಾವಾಸದ ಮುದ್ರೆಯೂ ಬೇಕು. ಈ ಒಪ್ಪಂದವು ಭಾರತದಲ್ಲಿ 2005ರಲ್ಲಿ, ಸೌದಿ ಅರೇಬಿಯದಲ್ಲಿ 2022ರಲ್ಲಿ ಜಾರಿಗೆ ಬಂದಿತು. ಇದಕ್ಕೂ ಮುನ್ನ, ಪದವಿಯು ಯಾವ ರಾಜ್ಯದ ವಿಶ್ವವಿದ್ಯಾಲಯದ್ದೋ ಆ ರಾಜ್ಯದ ಅಧಿಕಾರಿಗಳು ಅದನ್ನು ದೃಢೀಕರಿಸುವುದು ವಾಡಿಕೆ. ಧಾರವಾಡದ ಪದವಿ ಪಡೆದು ಪುಣೆಯಲ್ಲಿರುವವರು ಇದನ್ನು ಮಹಾರಾಷ್ಟ್ರದ ಕಚೇರಿಯಲ್ಲಲ್ಲ, ಕರ್ನಾಟಕದಲ್ಲಿ ಮಾಡಿಸಬೇಕಾಗುತ್ತದೆ; ವೀಸಾ ಅರ್ಜಿಗೆ ದಿನ ಗೊತ್ತಾಗುವ ಮೊದಲೇ ಇದಕ್ಕೆ ಕೆಲವು ವಾರಗಳ ಅವಧಿಯನ್ನು ಇರಿಸಿಕೊಳ್ಳಬೇಕು.