ಅವಸರದ ಏಳು ದೇಶಕ್ಕಿಂತ ನಿಧಾನದ ಮೂರು ದೇಶ

ಅಳಿಯಾ,

ಕೊರ್ತಾಲಿಮ್‌ನಿಂದ ನೀನು ಕಳಿಸಿದ ಪ್ರವಾಸದ ಪಟ್ಟಿಯನ್ನು ಪೂರ್ತಿ ಓದಿದೆ. ಹದಿನೈದು ದಿನ, ಏಳು ದೇಶ, ಬಾಡಿಗೆ ಕಾರು. ಜೊತೆಗೆ ಹೆಂಡತಿ, ಇಬ್ಬರು ಮಕ್ಕಳು, ನಿನ್ನ ಅವ್ವ. ಮನೆಮಂದಿಯನ್ನೆಲ್ಲ ಕರೆದುಕೊಂಡೇ ಯುರೋಪ್ ನೋಡಬೇಕೆಂಬ ನಿನ್ನ ಮನಸ್ಸು ನನಗೆ ಬಹಳ ಹಿಡಿಸಿತು. ಆದರೆ ಈ ಪಟ್ಟಿಯಂತೆ ಹೊರಟರೆ ಹಗಲಿನ ಬಹುಪಾಲು ಹೆದ್ದಾರಿಯ ಮೇಲೇ ಕಳೆದುಹೋಗುತ್ತದೆ. ಏಳನ್ನು ಮೂರಕ್ಕೆ ಇಳಿಸು. ಸೋದರಮಾವನಾಗಿ ನಾನು ಹೇಳುವ ಮುಖ್ಯ ಮಾತು ಇದೇ.

ಮ್ಯಾಪಿನಲ್ಲಿ ನಾಲ್ಕು ತಾಸು ಎಂದು ತೋರಿಸುವ ದಾರಿ ಮಕ್ಕಳಿರುವ ಕಾರಿಗೆ ಆರು ತಾಸಿನದು. ಅಕ್ಕನ ಮೊಣಕಾಲು ನಿನಗೆ ಗೊತ್ತೇ ಇದೆ, ಎರಡು ತಾಸಿಗೊಮ್ಮೆಯಾದರೂ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು. ಹಾಗಾಗಿ ದಿನಕ್ಕೆ ಇನ್ನೂರು ಕಿಲೋಮೀಟರಿನ ಆಸುಪಾಸು ಇಟ್ಟುಕೋ. ಊರು ಬದಲಿಸಿದ ಮರುದಿನ ಕಾರು ನಿಂತಲ್ಲೇ ನಿಂತಿರಲಿ. ಮಗಳ ಮನೆಗೆ ಹೋದಾಗಲೆಲ್ಲ ಜರ್ಮನಿಯ ಸುತ್ತಮುತ್ತ ನಾನೇ ಕಾರು ಓಡಿಸಿದ್ದರಿಂದ ಧೈರ್ಯವಾಗಿ ಒಂದು ದಾರಿ ಸೂಚಿಸುತ್ತೇನೆ. ಮ್ಯೂನಿಕ್‌ನಲ್ಲಿ ಇಳಿ. ಅಲ್ಲಿ ಮೂರು ರಾತ್ರಿ, ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಮೂರು, ಇನ್ಸ್‌ಬ್ರುಕ್‌ನಲ್ಲಿ ಎರಡು, ಸ್ವಿಟ್ಜರ್ಲೆಂಡಿನ ಲುಸರ್ನ್‌ನಲ್ಲಿ ಮೂರು, ಸರೋವರದ ದಡದಲ್ಲಿರುವ ಜರ್ಮನಿಯ ಲಿಂಡೌನಲ್ಲಿ ಎರಡು, ಕೊನೆಯ ರಾತ್ರಿ ಮತ್ತೆ ಮ್ಯೂನಿಕ್. ಇನ್ಸ್‌ಬ್ರುಕ್‌ನಿಂದ ಲುಸರ್ನ್‌ಗೆ ಹೋಗುವ ದಿನ ಒಂದೇ ಉದ್ದದ್ದು. ಅಂದು ನಡುವೆ ಲಿಖ್ಟೆನ್‌ಸ್ಟೈನ್‌ನ ವಾಡುಜ್‌ನಲ್ಲಿ ಇಳಿದು ಊಟ ಮಾಡಿ. ಹತ್ತಿದ ಊರಲ್ಲೇ ಕಾರು ಒಪ್ಪಿಸುವುದರಿಂದ, ಬೇರೆ ದೇಶದಲ್ಲಿ ಬಿಟ್ಟುಬಂದರೆ ತೆರಬೇಕಾದ ದುಬಾರಿ ಶುಲ್ಕವೂ ಉಳಿಯುತ್ತದೆ.

ಈಗ ಕಾಗದಪತ್ರದ ವಿಷಯ. ಜುವಾರಿ ಸೇತುವೆ ದಾಟಿದರೆ ಪಣಜಿ, ಅಲ್ಲೇ ಪೋರ್ಚುಗಲ್ ಕಾನ್ಸುಲೇಟ್ ಇದೆ, ಅಲ್ಲಿಂದಲೇ ಷೆಂಗೆನ್ ವೀಸಾ ಮಾಡಿಸೋಣ ಎಂದು ಬರೆದಿದ್ದೀ. ಅದು ಆಗದು. ಯಾವ ದೇಶದಲ್ಲಿ ಹೆಚ್ಚು ರಾತ್ರಿ ತಂಗುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಎಲ್ಲೆಡೆ ಸಮ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ನಾನು ಹೇಳಿದ ದಾರಿಯಲ್ಲಿ ಜರ್ಮನಿಗೆ ಆರು, ಆಸ್ಟ್ರಿಯಾಕ್ಕೆ ಐದು, ಸ್ವಿಟ್ಜರ್ಲೆಂಡಿಗೆ ಮೂರು ರಾತ್ರಿ. ಅಂದರೆ ಜರ್ಮನಿಯ ವೀಸಾ. ಪ್ರಯಾಣಕ್ಕೆ ಆರು ತಿಂಗಳಿರುವಾಗಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಹದಿನೈದು ದಿನ ಉಳಿದಿರುವವರೆಗೆ ಮಾತ್ರ ಅವಕಾಶ. ಕೊನೆಯ ಗಳಿಗೆಗೆ ಬಿಡಬೇಡ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಹೊರಡುವ ದಿನದಾಚೆ ಮೂರು ತಿಂಗಳು ಅವಧಿ ಇರಬೇಕು, ಎರಡು ಪುಟ ಖಾಲಿ ಇರಬೇಕು. ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷದ ಆಯುಷ್ಯ ಎಂಬುದನ್ನು ದೊಡ್ಡವರು ಮರೆತುಬಿಡುತ್ತಾರೆ. ಇವತ್ತೇ ತೆಗೆದು ನೋಡು.

ಪ್ರವಾಸ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಿರಬೇಕು ಎಂಬುದು ವೀಸಾದ ನಿಯಮ. ಅಕ್ಕನ ಪಾಲಿಸಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು, ಈಗಾಗಲೇ ಇರುವ ಬಿ.ಪಿ.ಗೆ ರಕ್ಷಣೆ ಇದೆಯೋ ಇಲ್ಲವೋ ಎಂಬುದು. ಸಣ್ಣ ಅಕ್ಷರಗಳನ್ನೂ ಓದಿ ಕೊಳ್ಳು. ಅವಳ ಮಾತ್ರೆಗಳು ಪೂರ್ತಿ ಪ್ರವಾಸಕ್ಕೆ ಸಾಕಾಗಿ ಒಂದು ವಾರಕ್ಕೆ ಮಿಗುವಷ್ಟು, ಔಷಧದ ಮೂಲ ಹೆಸರು ಬರೆದ ಡಾಕ್ಟರ ಚೀಟಿಯ ಜೊತೆ, ಕೈಚೀಲದಲ್ಲೇ ಇರಲಿ.

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ಟನ್ನು ಆರ್‌ಟಿಓದಲ್ಲಿ ಮಾಡಿಸು. ನಿಮ್ಮ ಮುರಗಾಂವ್ ತಾಲೂಕಿಗೆ ವಾಸ್ಕೋದ್ದು. ಅದರ ಅವಧಿ ಒಂದು ವರ್ಷ. ಅದೊಂದೇ ಸಾಲದು, ಮೂಲ ಲೈಸೆನ್ಸೂ ಜೊತೆಗಿರಬೇಕು. ನಿನ್ನ ಹೆಂಡತಿಗೂ ಮಾಡಿಸು, ಬಾಡಿಗೆ ಕರಾರಿನಲ್ಲಿ ಎರಡನೆಯ ಚಾಲಕಿಯಾಗಿ ಅವಳ ಹೆಸರು ಬರೆಸು. ಒಬ್ಬನೇ ದುಡಿದು ಸುಸ್ತಾಗುವ ಪ್ರವಾಸ ಯಾರಿಗೂ ಸುಖ ಕೊಡುವುದಿಲ್ಲ. ಡಿಪಾಸಿಟ್ಟಿಗೆ ಮುಖ್ಯ ಚಾಲಕನ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಯಾವ ಯಾವ ದೇಶಕ್ಕೆ ಕಾರು ಒಯ್ಯುತ್ತೀರಿ ಎಂದು ಮೊದಲೇ ತಿಳಿಸಿ ಬರಹದಲ್ಲಿ ಒಪ್ಪಿಗೆ ಪಡೆ.

ಕಾರು ಯಾವುದು? ಐದು ಜನಕ್ಕೆ ಐದು ಸೀಟಿನದು ಸಾಕು ಎಂಬುದು ನಿನ್ನ ಲೆಕ್ಕ. ಜರ್ಮನಿ, ಸ್ವಿಟ್ಜರ್ಲೆಂಡ್ ಎರಡರಲ್ಲೂ ಹನ್ನೆರಡು ವರ್ಷ ತುಂಬದ, 150 ಸೆಂಟಿಮೀಟರ್‌ಗಿಂತ ಕುಳ್ಳಗಿರುವ ಮಗುವಿಗೆ ಮಕ್ಕಳ ಸೀಟು ಕಡ್ಡಾಯ. ಹಿಂದೆ ಅಂಥ ಎರಡು ಸೀಟು ಕಟ್ಟಿದ ಮೇಲೆ ನಡುವೆ ಉಳಿಯುವ ಜಾಗದಲ್ಲಿ ಅಕ್ಕನನ್ನು ಕೂರಿಸಲಾದೀತೆ? ಏಳು ಸೀಟಿನದನ್ನೇ ತೆಗೆದುಕೋ. ಆಟೋಮ್ಯಾಟಿಕ್ ಗೇರು ಬೇಕೆಂದು ಬುಕ್ ಮಾಡುವಾಗಲೇ ಹೇಳು. ಅಲ್ಲಿ ಸ್ಟಿಯರಿಂಗ್ ಎಡಕ್ಕೆ, ಗಾಡಿ ರಸ್ತೆಯ ಬಲಕ್ಕೆ. ಇಷ್ಟು ಹೊಸತನ್ನು ಕಲಿಯುತ್ತಿರುವಾಗ ಬಲಗೈಯಲ್ಲಿ ಗೇರು ಹಾಕುವ ಕಷ್ಟವೂ ಬೇಡ. ವಿಮಾನ ಇಳಿದ ಕೂಡಲೇ ಕಾರು ಹತ್ತಬೇಡ. 2025ರ ಅಕ್ಟೋಬರ್ 12ರಿಂದ ಅಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಬೆರಳಚ್ಚು, ಫೋಟೋ ತೆಗೆದುಕೊಳ್ಳುವ ವ್ಯವಸ್ಥೆ ಶುರುವಾಗಿದೆ, ಸಾಲು ಉದ್ದವಿದ್ದೀತು. ಎರಡು ರಾತ್ರಿ ನಿದ್ದೆ ಮಾಡಿ, ಮೂರನೆಯ ದಿನ ಕಾರು ತೆಗೆದುಕೊಂಡು ಊರಲ್ಲೇ ಒಂದು ಸುತ್ತು ಹಾಕು. ಆಮೇಲೆ ಹೊರಡು.

ಹೊರಟ ಮೇಲೆ ಒಂದು ಮಾತು ನೆನಪಿಡು: ಅಲ್ಲಿ ಗಡಿ ಕಣ್ಣಿಗೆ ಬೀಳದಿದ್ದರೂ ಕಾನೂನು ಬದಲಾಗುತ್ತದೆ. ಪೋಳೆಂ ದಾಟಿ ಮಾಜಾಳಿಗೆ ಬಂದರೆ ಚೆಕ್‌ಪೋಸ್ಟು ಕಾಣುತ್ತದೆ, ಬೋರ್ಡು ಕನ್ನಡಕ್ಕೆ ತಿರುಗುತ್ತದೆ. ಜರ್ಮನಿ, ಆಸ್ಟ್ರಿಯಾಗಳ ಗಡಿಯಲ್ಲಿ ನಕ್ಷತ್ರಗಳ ವರ್ತುಲದ ನಡುವೆ ದೇಶದ ಹೆಸರಿರುವ ಒಂದು ನೀಲಿ ಫಲಕ, ಅಷ್ಟೇ. ಸಾಲ್ಜ್‌ಬರ್ಗ್‌ನಿಂದ ಇನ್ಸ್‌ಬ್ರುಕ್‌ಗೆ, ಅಂದರೆ ಆಸ್ಟ್ರಿಯಾದ ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವ ಬೇಗದ ದಾರಿ ಜರ್ಮನಿಯೊಳಗಿಂದ ಹಾದುಹೋಗುತ್ತದೆ. ಒಂದೇ ದಿನ ಎರಡು ಸಲ ಗಡಿ ದಾಟುತ್ತೀರಿ. ಹಾಗೆಂದು ತಪಾಸಣೆಯೇ ಇಲ್ಲವೆಂದಲ್ಲ, 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿತು. ಆದ್ದರಿಂದ ಎಲ್ಲರ ಪಾಸ್‌ಪೋರ್ಟೂ ಡಿಕ್ಕಿಯ ಸೂಟ್‌ಕೇಸಿನಲ್ಲಿರದೆ ಕೈಗೆ ಸಿಗುವಂತಿರಲಿ.

ದೇಶಕ್ಕೊಂದರಂತೆ ಮೂರು ಹಾಳೆ ಬರೆದು ಕಾರಿನಲ್ಲಿಡು. ಜರ್ಮನಿಯ ಹೆದ್ದಾರಿಯಲ್ಲಿ ಕಾರಿಗೆ ಟೋಲ್ ಇಲ್ಲ. ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್ ಎಂಬ ಚೀಟಿ ಬೇಕು, ಹತ್ತು ದಿನದ್ದು ಸಿಗುತ್ತದೆ. ಆರ್ಲ್‌ಬರ್ಗ್ ಸುರಂಗಕ್ಕೆ ಅದು ಸಾಲದು, ಬೇರೆ ಹಣ ಕಟ್ಟಬೇಕು. ಸ್ವಿಟ್ಜರ್ಲೆಂಡಿನಲ್ಲಿ ಎರಡೇ ದಿನಕ್ಕಾದರೂ ವರ್ಷದ್ದೇ ಕೊಳ್ಳಬೇಕು, ಬೆಲೆ 40 ಫ್ರಾಂಕ್. ಹೆದ್ದಾರಿಯ ವೇಗದ ಮಿತಿ ಆಸ್ಟ್ರಿಯಾದಲ್ಲಿ 130, ಸ್ವಿಟ್ಜರ್ಲೆಂಡಿನಲ್ಲಿ 120. ಸ್ವಿಸ್ ದಂಡ ಬಹಳ ಭಾರಿ, ಮಿತಿ ಮೀರುವ ಯೋಚನೆಯೇ ಬೇಡ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು, ಅದು ಸಣ್ಣ ಗಲ್ಲಿಯಾದರೂ ಸರಿ. ಹೆದ್ದಾರಿಯಲ್ಲಿ ಸಂಚಾರ ನಿಂತಿತೆಂದರೆ ಜರ್ಮನಿ, ಆಸ್ಟ್ರಿಯಾಗಳಲ್ಲಿ ಎಡ ಸಾಲಿನವರೆಲ್ಲ ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿದು ನಡುವೆ ಆಂಬುಲೆನ್ಸಿಗೆ ದಾರಿ ಬಿಡುತ್ತಾರೆ. ಸೈರನ್ ಕೇಳುವ ಮೊದಲೇ ಹೀಗೆ ಸರಿಯುವುದು ಅಲ್ಲಿ ಕಾನೂನು. ಯಾವ ದೇಶದಲ್ಲಾದರೂ ತುರ್ತು ಕರೆಗೆ 112.

ಕಾರಿನಲ್ಲಿ ನೀಲಿ ರಟ್ಟಿನ ಗಡಿಯಾರವೊಂದಿರುತ್ತದೆ. ಆಟದ ಸಾಮಾನೆಂದು ಮಕ್ಕಳ ಕೈಗೆ ಕೊಟ್ಟುಬಿಡಬೇಡ. ಸಮಯದ ಮಿತಿಯಿರುವ ಪಾರ್ಕಿಂಗಿನಲ್ಲಿ ನೀನು ಬಂದ ಹೊತ್ತನ್ನು ಅದರಲ್ಲಿ ತಿರುಗಿಸಿ ಮುಂಗಾಜಿನೊಳಗೆ ಇಡಬೇಕು. ಜರ್ಮನಿಯಲ್ಲಿ ಮುಂದಿನ ಅರ್ಧ ತಾಸಿನ ಗೆರೆಗೆ ಮುಳ್ಳು ನಿಲ್ಲಿಸುತ್ತಾರೆ. ಹತ್ತೂ ಹತ್ತಕ್ಕೆ ಬಂದರೆ ಹತ್ತೂವರೆಗೆ.

ಅಕ್ಕ ಡಬ್ಬಿ ಕಟ್ಟದೆ ಬಿಡುವವಳಲ್ಲ. ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ ಎಂಬುದು ಯುರೋಪ್ ಒಕ್ಕೂಟದ ಕಟ್ಟುನಿಟ್ಟಿನ ನಿಯಮ. ಅಂದರೆ ಧಾರವಾಡದ ಪೇಡೆ, ಬೆಳಗಾವಿಯ ಕುಂದಾ, ಮನೆಯ ತುಪ್ಪ ಮೂರೂ ಇಲ್ಲೇ ಉಳಿಯಬೇಕು. ಹಸಿ ಕರಿಬೇವೂ ಬೇಡ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ ಧಾರಾಳವಾಗಿ ಒಯ್ಯಲಿ. ಅಡುಗೆಮನೆಯಿರುವ ಬಾಡಿಗೆ ಮನೆ ಹಿಡಿದರೆ ಅನ್ನ ಸಾರಿಗೆ ತೊಂದರೆಯಿಲ್ಲ. ಭಾನುವಾರ ಜರ್ಮನಿ, ಆಸ್ಟ್ರಿಯಾಗಳಲ್ಲಿ ಅಂಗಡಿ ಮುಚ್ಚಿರುತ್ತವೆ. ಹಾಲು, ತರಕಾರಿ ಶನಿವಾರವೇ ತಂದಿಟ್ಟುಕೊಳ್ಳಿ.

ವೀಸಾ ಅರ್ಜಿಗೆ ಮೊದಲು ಇಲ್ಲೇ ಒಂದು ತಾಲೀಮು ಮಾಡಿ. ಕೊರ್ತಾಲಿಮ್‌ನಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಮೊದಲ ದಿನ ಗೋಕರ್ಣ, ಎರಡನೆಯ ದಿನ ಉಡುಪಿ, ಮೂರನೆಯ ದಿನ ತಲಪಾಡಿ ದಾಟಿ ಕಾಸರಗೋಡಿನ ಬೇಕಲ ಕೋಟೆ. ಇದೇ ಐದು ಜನ, ಇದೇ ಪ್ರಮಾಣದ ಸಾಮಾನು, ಮೂರು ರಾಜ್ಯ. ಯಾರಿಗೆ ಎಷ್ಟು ಹೊತ್ತಿಗೆ ಹಸಿವಾಗುತ್ತದೆ, ಯಾವ ಮಗುವಿಗೆ ತಿರುವಿನಲ್ಲಿ ವಾಂತಿ ಬರುತ್ತದೆ, ಅಕ್ಕ ಎಷ್ಟು ಹೊತ್ತು ಕೂರಬಲ್ಲಳು ಎಂಬುದು ಯಾವ ಆ್ಯಪ್‌ನಲ್ಲೂ ಸಿಗುವ ಮಾಹಿತಿಯಲ್ಲ. ಆ ಮೂರು ದಿನ ನೋಡಿಕೊಂಡು ನಾನು ಕೊಟ್ಟ ದಾರಿಯಲ್ಲೂ ಬೇಕಾದ್ದನ್ನು ಕತ್ತರಿಸು, ನನಗೆ ಬೇಸರವಿಲ್ಲ.

ಇನ್ನೊಂದು. ನಿನ್ನ ಪಟ್ಟಿಯಲ್ಲಿ ನೀನು ನೋಡಬೇಕಾದ್ದು, ಮಕ್ಕಳಿಗೆ ತೋರಿಸಬೇಕಾದ್ದು ಎಲ್ಲ ಇದೆ. ಅಕ್ಕನಿಗೆ ಏನು ನೋಡುವ ಆಸೆ ಎಂದು ಬರೆದಿಲ್ಲ. ನೀನು ಕೇಳದೆ ಅವಳು ಹೇಳುವವಳಲ್ಲ. ಹಿಮವೋ, ಸರೋವರವೋ, ಸುಮ್ಮನೆ ಒಂದು ಹಳ್ಳಿಯ ಸಂತೆಯೋ, ಕೂತು ಕೇಳು. ಅವಳು ಹೇಳಿದ್ದನ್ನು ಮೊದಲು ಬರೆದುಕೊಂಡು, ಅದರ ಸುತ್ತ ಉಳಿದ ದಿನಗಳನ್ನು ಹೊಂದಿಸು.

ನಿನ್ನ ಸೋದರಮಾವ