ಸರಕಾರದ ಕಡತವೂ ನಾಗರಿಕನ ಖಾಸಗಿತನವೂ

ರಾಜ್ಯಶಾಸ್ತ್ರದ ತರಗತಿಯಲ್ಲಿ ನಾಗರಿಕನ ಹಕ್ಕುಗಳ ಪಾಠ ನಡೆಯುತ್ತಿದ್ದಾಗ ನನಗೆ ಒಂದು ಕಚೇರಿಯ ಕಿಟಕಿ ನೆನಪಾಯಿತು. ನನ್ನ ವಿದ್ಯಾರ್ಥಿವೇತನದ ಅರ್ಜಿ ಕೊಟ್ಟ ದಿನ ಅಲ್ಲಿಯ ಗುಮಾಸ್ತರು ನಮ್ಮ ತಂದೆಯವರ ವರಮಾನವನ್ನು ಸಾಲಿನಲ್ಲಿದ್ದವರೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದರು. ಹೆಬ್ಬೆಟ್ಟು ಒತ್ತಿದ ತಂದೆಯವರು ತಲೆ ತಗ್ಗಿಸಿ ಹಿಂದೆ ಸರಿದರು. ವರಮಾನ ಕೇಳಿದುದು ತಪ್ಪಲ್ಲ. ಕೇಳಿ ತಿಳಿದುದನ್ನು ಬಳಸಿದ ರೀತಿ ತಪ್ಪು. ಈ ಭೇದವನ್ನು ಅಮೆರಿಕೆಯ ಬಂದೂಕು ಕಾನೂನಿನ ಉದಾಹರಣೆಯಿಂದ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಅಮೆರಿಕೆಯಲ್ಲಿ ಆಯುಧ ಹೊಂದುವುದು ಸಂವಿಧಾನದ ಎರಡನೆಯ ತಿದ್ದುಪಡಿಯಿಂದ ಬಂದ ಹಕ್ಕು. ಆದರೂ ಘೋರ ಅಪರಾಧಕ್ಕಾಗಿ ಶಿಕ್ಷೆ ಹೊಂದಿದವರು ಮೊದಲಾದ ಕೆಲವರಿಗೆ ಬಂದೂಕು ಮಾರಕೂಡದು. ಇದನ್ನು ಪರೀಕ್ಷಿಸಲು 1993ರ ಬ್ರೇಡಿ ಶಾಸನದ ಮೇರೆಗೆ 1998ರ ನವೆಂಬರ್ 30ರಂದು ರಾಷ್ಟ್ರೀಯ ವ್ಯವಸ್ಥೆಯೊಂದು ಆರಂಭವಾಯಿತು. ಪರವಾನಗಿ ಪಡೆದ ಅಂಗಡಿಯಲ್ಲಿ ಕೊಳ್ಳುವವನು ಹೆಸರು, ವಿಳಾಸ, ಜನ್ಮದಿನಾಂಕಗಳನ್ನು ಒಂದು ನಮೂನೆಯಲ್ಲಿ ಬರೆದುಕೊಡಬೇಕು. ಎಫ್.ಬಿ.ಐ. ಅಥವಾ ರಾಜ್ಯದ ಕಚೇರಿ ದಾಖಲೆಗಳನ್ನು ನೋಡಿ ಉತ್ತರ ಕೊಡುತ್ತದೆ.

ಇಲ್ಲಿಯೇ ಆತಂಕ ಹುಟ್ಟುವುದು. ಪ್ರತಿಯೊಂದು ವಿಚಾರಣೆಯನ್ನೂ ಕೂಡಿಟ್ಟರೆ ಬಂದೂಕು ಉಳ್ಳವರ ಪಟ್ಟಿಯೇ ಸಿದ್ಧವಾಗುವುದಿಲ್ಲವೇ? ಅಂಥ ಪಟ್ಟಿಯನ್ನು ಬ್ರೇಡಿ ಶಾಸನವೇ ನಿಷೇಧಿಸಿದೆ. ಒಪ್ಪಿಗೆ ದೊರೆತವರ ವಿವರವನ್ನು ಮೊದಲು ತಿಂಗಳುಗಟ್ಟಲೆ ಇರಿಸಿಕೊಳ್ಳಲು ಅವಕಾಶವಿತ್ತು. 2004ರಿಂದ 24 ಗಂಟೆಗಳೊಳಗೆ ಅಳಿಸಬೇಕೆಂದು ವಿಧಿಸಲಾಯಿತು. ಆದರೆ ನಮೂನೆ ಅಂಗಡಿಯಲ್ಲಿ ಉಳಿಯುತ್ತದೆ. ವ್ಯಾಪಾರವನ್ನೇ ನಿಲ್ಲಿಸಿದ ಅಂಗಡಿಗಳ ಕಾಗದಗಳು ಕೇಂದ್ರ ಸರಕಾರದ ಕಚೇರಿಗೆ ಸೇರುತ್ತವೆ. ಅಪರಾಧದಲ್ಲಿ ಬಳಸಿದ ಬಂದೂಕಿನ ಮೂಲ ಪತ್ತೆಮಾಡಲು ಇವು ಬೇಕೆಂದು ಕೆಲವರೂ, ಇದು ಹಿಂಬಾಗಿಲಿನಿಂದ ಬಂದ ಪಟ್ಟಿಯೆಂದು ಕೆಲವರೂ ವಾದಿಸುತ್ತಾರೆ.

ಮಾಹಿತಿಯೇ ಬೇಡವೆನ್ನೋಣವೇ? ವರ್ಜೀನಿಯಾ ಟೆಕ್ ವಿದ್ಯಾಲಯದ ವಿದ್ಯಾರ್ಥಿಯೊಬ್ಬನು ತನಗೇ ಅಪಾಯಕಾರಿಯೆಂದು ನ್ಯಾಯಾಲಯ 2005ರಲ್ಲಿ ಚಿಕಿತ್ಸೆಗೆ ಆಜ್ಞೆ ಮಾಡಿತ್ತು. ಆ ಸಂಗತಿ ರಾಷ್ಟ್ರೀಯ ದಾಖಲೆಗೆ ಸೇರಲಿಲ್ಲ. ಅವನಿಗೆ ಬಂದೂಕು ಸಿಕ್ಕಿತು. 2007ರ ಏಪ್ರಿಲ್ 16ರಂದು ಅವನು 32 ಮಂದಿಯನ್ನು ಕೊಂದನು. ಆ ಮೇಲೆ ಇಂಥ ದಾಖಲೆಗಳನ್ನು ಒದಗಿಸಲು ರಾಜ್ಯಗಳಿಗೆ ಪ್ರೋತ್ಸಾಹ ನೀಡುವ ಕಾನೂನು ಬಂತು. ಆದರೆ ಕಾಯಿಲೆಯ ಗುಟ್ಟು ಕಡತಕ್ಕೆ ಹೋದೀತೆಂದು ಹೆದರಿ ರೋಗಿ ವೈದ್ಯರ ಬಳಿಗೇ ಹೋಗದಿದ್ದರೆ, ಅದೂ ಕೇಡೇ.

ನಮ್ಮಲ್ಲಿ 1959ರ ಆಯುಧ ಅಧಿನಿಯಮದಂತೆ ಸರಕಾರವೇ ಪರವಾನಗಿ ಕೊಡುವುದರಿಂದ, ಪರವಾನಗಿದಾರರ ವಿವರ ಅದರ ಬಳಿ ಇದ್ದೇ ಇರುತ್ತದೆ. ಆದರೆ ಖಾಸಗಿತನದ ಪ್ರಶ್ನೆ ನಮಗೂ ಹೊಸದಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯದಲ್ಲಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅದಕ್ಕೆ ಮಿತಿ ಹಾಕಬೇಕಾದರೆ ಕಾನೂನಿನ ಆಧಾರವಿರಬೇಕು, ಯೋಗ್ಯ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಮಿತಿಯಿರಬೇಕು.

ಆದುದರಿಂದ ನನ್ನ ಅಲ್ಪಮತಿಗೆ ತೋರುವುದಿಷ್ಟು: ಸರಕಾರ ಕೇಳಲಿ, ಆದರೆ ಯಾತಕ್ಕೆ ಕೇಳುತ್ತದೆ, ಯಾರು ನೋಡುತ್ತಾರೆ, ಎಂದು ಅಳಿಸುತ್ತದೆ ಎಂಬ ಮೂರನ್ನೂ ಮೊದಲೇ ಹೇಳಲಿ. ಬಂದೂಕು ಕೊಳ್ಳುವ ಅಮೆರಿಕದವನಿಗೆ ಈ ಪ್ರಶ್ನೆ ಕೇಳುವ ಧೈರ್ಯವುಂಟು. ಹೆಬ್ಬೆಟ್ಟು ಒತ್ತುವವರಿಗೆ ಅದು ಇನ್ನೂ ಬಂದಿಲ್ಲ. ಅವರ ಪರವಾಗಿ ಕೇಳುವುದು ಅಕ್ಷರ ಕಲಿತ ಮಕ್ಕಳಾದ ನಮ್ಮ ಹೊಣೆ. ಮುಂದಿನ ಸಲ ಆ ಕಿಟಕಿಯ ಮುಂದೆ ತಂದೆಯವರ ಜೊತೆ ನಿಂತಾಗ, "ಸ್ವಾಮಿ, ಮೆಲ್ಲಗೆ ಓದಿ" ಎಂದಾದರೂ ನಾನು ಹೇಳಬೇಕು.