ಎತ್ತಿದ್ದಕ್ಕೆ ಒಂದು ಜಾಗ

ಪುಟ್ಟಾ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಮನಸ್ಸಿನಲ್ಲೇ ಉಳಿದಿದೆ. “ದೊಡ್ಡಮ್ಮ, ಭಾನುವಾರ ಪೂರ್ತಿ ಮನೆ ಒಪ್ಪ ಮಾಡೋದ್ರಲ್ಲೇ ಕಳೆದುಹೋಗುತ್ತೆ, ಮಂಗಳವಾರ ನೋಡಿದ್ರೆ ಮತ್ತೆ ಮೊದಲಿನ ಹಾಗೇ” ಅಂದೆ. ನೀವಿಬ್ಬರೂ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಹೋದರೆ ಮರಳುವುದು ದೀಪ ಹಚ್ಚುವ ಹೊತ್ತು ದಾಟಿದ ಮೇಲೆ. ಇರುವ ಒಂದು ರಜೆಯನ್ನೂ ಪೊರಕೆಗೆ ಕೊಟ್ಟುಬಿಟ್ಟರೆ ಇಬ್ಬರೂ ಕೂತು ಮಾತಾಡುವುದು ಯಾವಾಗ? ಅದಕ್ಕೇ ಬರೆಯುತ್ತಿದ್ದೇನೆ. ಮನೆಗೆಲಸವನ್ನು ಭಾನುವಾರಕ್ಕೆಂದು ಕೂಡಿಹಾಕಬೇಡಿ. ಆಯಾ ಹೊತ್ತಿನದನ್ನು ಆಯಾ ಹೊತ್ತಿಗೇ ಮುಗಿಸಿಬಿಡಿ, ಭಾನುವಾರ ನಿಮ್ಮದಾಗಿಯೇ ಉಳಿಯುತ್ತದೆ.

ಮನೆ ಚೆಲ್ಲಾಪಿಲ್ಲಿಯಾಗುವುದು ಸೋಮಾರಿತನದಿಂದ ಅಂತ ಜನ ಬೈಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬಹಳ ಸಲ ವಸ್ತುವಿಗೆ ಒಂದು ಜಾಗವೇ ಇರುವುದಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ಗೋಡೆಗೆ ಗೂಟ ಇರುತ್ತಿತ್ತು, ದೀಪಕ್ಕೆ ಗೂಡು, ಡಬ್ಬಿಗಳಿಗೆ ನಾಗಂದಿಗೆ, ವರ್ಷಕ್ಕೊಮ್ಮೆ ಬೇಕಾಗುವುದಕ್ಕೆ ಅಟ್ಟ. ಎತ್ತಿದ ವಸ್ತುವನ್ನು ಎಲ್ಲಿಡಲಿ ಅಂತ ಯಾರೂ ಯೋಚಿಸಬೇಕಿರಲಿಲ್ಲ. ನಿಮ್ಮ ಮನೆಯಲ್ಲಿ ಬಾಗಿಲ ಪಕ್ಕದಲ್ಲೇ ಕೀಲಿಗೆ ಒಂದು ಕೊಕ್ಕೆ, ಹೆಲ್ಮೆಟ್ಟಿಗೆ ಒಂದು ಮೊಳೆ, ಕರೆಂಟ್ ಬಿಲ್ಲಿಗೆ ಒಂದು ಡಬ್ಬಿ ಮಾಡಿಕೊಳ್ಳಿ. ಒಮ್ಮೆ ಉಟ್ಟ, ಇನ್ನೂ ಒಗೆಯಲು ಹಾಕದ ಬಟ್ಟೆ ಇರುತ್ತದಲ್ಲ, ಅದಕ್ಕೆ ಬೀರುವಿನಲ್ಲೂ ಜಾಗವಿಲ್ಲ, ಒಗೆಯುವ ಬುಟ್ಟಿಯಲ್ಲೂ ಇಲ್ಲ. ಕೊನೆಗೆ ಅದು ಕುರ್ಚಿಯ ಮೇಲೆ ಬೀಳುತ್ತದೆ, ಒಂದರ ಮೇಲೊಂದು ಬಿದ್ದು ವಾರದಲ್ಲಿ ಗುಡ್ಡವಾಗುತ್ತದೆ. ಅದಕ್ಕೆಂದೇ ಕೋಣೆಯಲ್ಲಿ ನಾಲ್ಕು ಗೂಟ ಹೊಡೆಸಿ. ಒಣಗಿದ ಬಟ್ಟೆಯನ್ನು ಹಗ್ಗದ ಮುಂದೆ ನಿಂತೇ ಮಡಚಿ ಒಳಗೆ ತನ್ನಿ. ಮಂಚದ ಮೇಲೆ ರಾಶಿ ಸುರಿದಿರೋ, ಆ ರಾತ್ರಿ ಅದು ಕುರ್ಚಿಗೆ ಹೋಗುವುದು ಖಂಡಿತ.

ಇನ್ನು ಅಡುಗೆಮನೆ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಬೇಸರಪಡಬೇಡ.

ರಾತ್ರಿ ಎಷ್ಟೇ ದಣಿದಿದ್ದರೂ ಸಿಂಕ್ ಖಾಲಿ ಮಾಡದೆ ಮಲಗಬೇಡಿ. ಉಂಡ ತಟ್ಟೆಯನ್ನು ಎದ್ದ ಕೂಡಲೇ ತೊಳೆದರೆ ಬರೀ ಕೈಯಾಡಿಸಿದರೂ ಸಾಕು. ಅದೇ ಸಾರು, ಅನ್ನ ಒಣಗಿ ಕಚ್ಚಿಕೊಂಡಿತೆಂದರೆ ತಂತಿ ಜುಂಗು ಹಿಡಿದು ಉಜ್ಜಬೇಕು. ಮುದ್ದೆ ಮಾಡಿದ ಪಾತ್ರೆಗೆ, ದೋಸೆ ಹಿಟ್ಟಿನ ಪಾತ್ರೆಗೆ ಬಡಿಸುವ ಮೊದಲೇ ನೀರು ತುಂಬಿಸಿಟ್ಟರೆ ನೀವು ಉಂಡು ಏಳುವಷ್ಟರಲ್ಲಿ ಅಂಟೆಲ್ಲ ಬಿಟ್ಟುಕೊಂಡಿರುತ್ತದೆ. ಹಾಲಿನ ಪಾತ್ರೆಗೆ ತಣ್ಣೀರನ್ನೇ ಹಾಕು, ಬಿಸಿನೀರು ಹಾಕಿದರೆ ತಳಕ್ಕೆ ಅಂಟಿದ ಹಾಲು ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತದೆ. ಪಾತ್ರೆ ಮುಗಿದ ಮೇಲೆ ಸಿಂಕಿನ ಜಾಲರಿಯಲ್ಲಿ ಸಿಕ್ಕಿಕೊಂಡ ಅಗುಳು, ಕರಿಬೇವು, ಸಾಸಿವೆಯನ್ನು ಬಳಿದು ಹಸಿಕಸಕ್ಕೆ ಹಾಕು. ಒಲೆ ಇನ್ನೂ ಬೆಚ್ಚಗಿರುವಾಗ ಒರೆಸಿದರೆ ಉಕ್ಕಿದ ಹಾಲು, ಸಿಡಿದ ಎಣ್ಣೆ ಸಲೀಸಾಗಿ ಬರುತ್ತದೆ. ಆಮೇಲೆ ಕಟ್ಟೆ, ಕಡೆಗೆ ಸಿಂಕಿನ ಒಳಮೈ. ಅದನ್ನು ಒಣಬಟ್ಟೆಯಿಂದ ಒರೆಸಿಬಿಡು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಹಿಂಡಿ, ಕೊಡವಿ, ಗಾಳಿಗೆ ಹರವು. ಅಡುಗೆಮನೆಯ ಮುಗ್ಗಲು ವಾಸನೆ ಅರ್ಧಕ್ಕರ್ಧ ಬರುವುದೇ ಆ ಒದ್ದೆ ಬಟ್ಟೆಯಿಂದ.

ಸಿಂಕ್ ಒಣಗಿರಲೇಬೇಕು ಎನ್ನುವುದಕ್ಕೆ ಕಾರಣವಿದೆ. ಜಿರಳೆ ಊಟವಿಲ್ಲದೆ ವಾರಗಟ್ಟಲೆ ಬದುಕುತ್ತದೆ, ನೀರಿಲ್ಲದೆ ಅಷ್ಟು ದಿನ ತಾಳುವುದಿಲ್ಲ. ರಾತ್ರಿ ಹೊತ್ತು ಅದು ಹೊರಬರುವುದೇ ಆ ತೇವಕ್ಕೆ, ಚೂರುಪಾರಿಗೆ. ಎರಡೂ ಸಿಗದ ಕಡೆ ಅದು ನೆಲೆಯೂರುವುದು ಕಷ್ಟ. ನೀವು ತಿಂಗಳಿಗೊಮ್ಮೆ ಸ್ಪ್ರೇ ಹೊಡೆಯುತ್ತೀರಂತೆ. ಮೊದಲು ಸಿಂಕ್ ಒಣಗಿಸಿ ನೋಡಿ.

ಬಚ್ಚಲುಮನೆಗೆ ಎರಡೇ ಮಾತು. ನಿಮ್ಮ ಕಡೆ ಬೋರ್‌ವೆಲ್ ನೀರು. ನಲ್ಲಿ, ಬಕೆಟ್ಟು, ಟೈಲ್ಸಿನ ಮೇಲೆ ಬಿಳಿ ಕಲೆ ಕಟ್ಟುತ್ತದೆ. ಸ್ನಾನವಾದ ಮೇಲೆ ನೀರನ್ನು ವೈಪರಿನಲ್ಲಿ ಎಳೆದುಬಿಟ್ಟರೆ ಅಷ್ಟು ಬೇಗ ಕಟ್ಟುವುದಿಲ್ಲ. ಆಗಲೇ ಕಟ್ಟಿದ್ದರೆ ನಲ್ಲಿಗೆ ನಿಂಬೆಹಣ್ಣಿನ ಹೋಳು ಉಜ್ಜಿ ಸ್ವಲ್ಪ ಹೊತ್ತು ಬಿಟ್ಟು ತೊಳೆ. ಬೇಗ ಹೋಗಲಿ ಅಂತ ಆಸಿಡ್ಡಿನ ಜೊತೆ ಬ್ಲೀಚಿಂಗ್ ಪೌಡರ್ ಮಾತ್ರ ಎಂದೆಂದಿಗೂ ಬೆರೆಸಬೇಡ. ಅವೆರಡು ಸೇರಿದರೆ ಏಳುವುದು ಕ್ಲೋರಿನ್ ಅನಿಲ. ಕಿಟಕಿಯಿಲ್ಲದ ಸಣ್ಣ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಎರವಾದೀತು.

ನೀರು ಬರದ ದಿನಕ್ಕೆಂದು ಡ್ರಮ್ಮಿನಲ್ಲಿ ತುಂಬಿಸಿಟ್ಟುಕೊಂಡಿದ್ದೀರಲ್ಲ, ಅದರ ಮೇಲೂ ಕಣ್ಣಿರಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಚರಂಡಿಯಲ್ಲಲ್ಲ, ಇಂಥ ನಿಂತ ತಿಳಿನೀರಿನಲ್ಲಿ. ಮೊಟ್ಟೆ ಹಾರುವ ಸೊಳ್ಳೆಯಾಗಲು ನಮ್ಮ ಸೆಕೆಗೆ 7ರಿಂದ 10 ದಿನ ಸಾಕು. ಅದಕ್ಕೇ ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು ಡ್ರಮ್ ಬರಿದು ಮಾಡಿ. ನೀರು ಚೆಲ್ಲಿದರಷ್ಟೇ ಸಾಲದು, ಒಳಗೋಡೆಯನ್ನು ಬ್ರಷ್ಷಿನಿಂದ ತಿಕ್ಕಬೇಕು. ಮೊಟ್ಟೆ ನೀರಿನ ಅಂಚಿಗೆ ಗೋಡೆಗೇ ಅಂಟಿಕೊಂಡಿರುತ್ತದೆ, ತಿಂಗಳುಗಟ್ಟಲೆ ಒಣಗಿದ್ದರೂ ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಅದೇ ದಿನ ತುಳಸಿ ಕುಂಡದ ಕೆಳಗಿನ ತಟ್ಟೆಯನ್ನೂ ಫ್ರಿಜ್ಜಿನ ಹಿಂದಿನ ತಟ್ಟೆಯನ್ನೂ ಬಗ್ಗಿಸಿಬಿಡಿ. ಫ್ರಿಜ್ಜಿನ ಹಿಂದೆ ಅಂಥದೊಂದು ತಟ್ಟೆ ಇದೆ ಎನ್ನುವುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

ಕಸದ ವಿಷಯದಲ್ಲಿ ನಾನು ಸ್ವಲ್ಪ ಬಿಗಿ. ಬೆಂಗಳೂರಿನಲ್ಲಿ ಹಸಿಕಸ ಒಣಕಸ ಬೇರೆ ಮಾಡಿ ಕೊಡುವುದು 2012ರಿಂದಲೇ ಕಡ್ಡಾಯ. 2015ರಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲ ಇರಲೇಬೇಕೆಂದು ಹೇಳಿತು. ಹಸಿರು ಬುಟ್ಟಿಗೆ ಹಸಿಕಸ, ಕೆಂಪಿಗೆ ಪ್ಯಾಡು, ಡಯಾಪರ್, ಬ್ಯಾಂಡೇಜಿನಂಥವು, ಚೀಲಕ್ಕೆ ಒಣಕಸ. ನಿಮಗೆ ಇದು ಬರೀ ಕಾನೂನಿನ ಮಾತಾಗಿ ಕಾಣಬಾರದು. ನಗರದ ಬೆರಕೆ ಕಸವನ್ನೆಲ್ಲ ತಮ್ಮೂರಿಗೆ ತಂದು ಸುರಿಯುವುದನ್ನು ತಾಳಲಾರದೆ ಮಂಡೂರಿನ ಜನ 2014ರಲ್ಲಿ ಬೀದಿಗಿಳಿದಿದ್ದರು. ಅವರ ಬಾವಿ, ಅವರ ಗಾಳಿ ಕೆಟ್ಟಿದ್ದು ನಮ್ಮಂಥವರ ಅಡುಗೆಮನೆಯ ಕಸದಿಂದಲೇ. ಹೋಟೆಲಿನಿಂದ ತರಿಸಿದ ಊಟದ ಡಬ್ಬಿಯನ್ನು ಒಮ್ಮೆ ನೀರಿನಲ್ಲಿ ಜಾಲಾಡಿ ಒಣಕಸದ ಚೀಲಕ್ಕೆ ಹಾಕು. ಪಾರ್ಸೆಲ್ಲಿನ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿದ ದಿನವೇ ಮಡಚಿ ಚಪ್ಪಟೆ ಮಾಡಿಡು. ಒಡೆದ ಗಾಜು, ಬ್ಲೇಡನ್ನು ದಪ್ಪ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಕಸ ಒಯ್ಯಲು ಬಂದವರಿಗೆ “ಗಾಜಿದೆ, ಹುಷಾರು” ಎಂದು ಬಾಯಿಬಿಟ್ಟು ಹೇಳಿ ಕೊಡು. ಅವರದು ಬರಿಗೈ, ಪುಟ್ಟಾ.

ಇನ್ನೊಂದು ಮಾತು, ಇದು ನಿನಗೇ. ಇಷ್ಟನ್ನೂ ಓದಿ ಕಾಗದವನ್ನು ಹೆಂಡತಿಯ ಕೈಗೆ ದಾಟಿಸಬೇಡ. ಅವಳೂ ನಿನ್ನಷ್ಟೇ ದುಡಿದು ಬರುತ್ತಾಳೆ. ಅವಳು ಒಲೆಯ ಮುಂದೆ ನಿಂತ ದಿನ ಸಿಂಕ್ ನಿನ್ನದು, ನೀನು ಅಡುಗೆ ಮಾಡಿದ ದಿನ ಅವಳದು. ಡ್ರಮ್ ತಿಕ್ಕುವುದು, ಕಸ ಇಳಿಸುವುದು ನಿನ್ನ ಪಾಲಿಗಿರಲಿ. ಅವಳು ನೆನಪಿಸುವವರೆಗೆ ಕಾಯಬೇಡ. ನೆನಪಿಟ್ಟುಕೊಳ್ಳುವುದೂ ಒಂದು ಕೆಲಸ, ನಮ್ಮ ಕಾಲದಲ್ಲಿ ಅದು ಪೂರಾ ಹೆಂಗಸರ ತಲೆಯ ಮೇಲಿತ್ತು.

ಬೆಳಿಗ್ಗೆ ಗುಡಿಸಿ ಒರೆಸಲು ಒಬ್ಬಾಕೆ ಬರುತ್ತಾರೆ ಅಂದೆಯಲ್ಲ. ಅವರಿಗೆ ಅದಾದ ಮೇಲೆ ಇನ್ನೂ ಮನೆಗಳಿರುತ್ತವೆ. ನೆಲದ ಮೇಲಿನ ಚಾರ್ಜರು, ಚಪ್ಪಲಿ, ಲೋಟ ಎತ್ತಿಡುವುದು ನಿಮ್ಮ ಕೆಲಸ, ಅವರದಲ್ಲ. ತೀರಾ ಕೈಲಾಗದೆ ಎಂದಾದರೊಮ್ಮೆ ರಾತ್ರಿಯ ಪಾತ್ರೆಯನ್ನು ಅವರಿಗೆಂದು ಉಳಿಸಿದರೂ ನೀರು ಹಾಕಿ ನೆನೆಸಿಡಿ. ಒರೆಸುವ ಬಟ್ಟೆ ಹರಿದಿದ್ದರೆ ಅವರು ಕೇಳುವ ಮೊದಲೇ ಹೊಸದು ತಂದುಕೊಡಿ. ಜ್ವರ ಬಂದು ಬರಲಾಗದ ದಿನ ಸಂಬಳ ಹಿಡಿಯಬೇಡಿ. ಅಂದು ನೀವಿಬ್ಬರೇ ಗುಡಿಸಿಕೊಳ್ಳಿ. ಸಾಮಾನೆಲ್ಲ ಅದರದರ ಜಾಗದಲ್ಲಿದ್ದರೆ ಎರಡು ಕೋಣೆಯ ಮನೆ ಗುಡಿಸಲು ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ.

ನಿನ್ನ ದೊಡ್ಡಮ್ಮ